ರೆಸ್ಯೂಮೆ ಯಾರ ಕೈಗೆ? ನೇಮಕಾತಿದಾರರಿಗೆ ತಲುಪಿಸುವ ಸೇವೆಗಳ ಪರಿಚಯ

ಕೆಲಸ ಹುಡುಕುವವರ ರೆಸ್ಯೂಮೆಯನ್ನು ಕಂಪನಿಗಳ ಎಚ್‌ಆರ್ ವಿಭಾಗಕ್ಕೋ ಕನ್ಸಲ್ಟೆನ್ಸಿಗಳಿಗೋ ತಲುಪಿಸುವ ಸೇವೆಗಳು ಇಂದು ಹಲವು ರೂಪಗಳಲ್ಲಿವೆ. ಜಾಬ್ ಪೋರ್ಟಲ್‌ಗಳು, ಸರ್ಕಾರಿ ಜಾಲತಾಣಗಳು, ಪ್ಲೇಸ್‌ಮೆಂಟ್ ಕಚೇರಿಗಳು, ಹಣ ಪಡೆದು ಸಾವಿರಾರು ಇಮೇಲ್ ವಿಳಾಸಗಳಿಗೆ ಒಮ್ಮೆಗೇ ರೆಸ್ಯೂಮೆ ರವಾನಿಸುವವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಕೆಲವು ಪೂರ್ತಿ ಉಚಿತ, ಕೆಲವಕ್ಕೆ ನೂರಾರು ರೂಪಾಯಿ, ಇನ್ನು ಕೆಲವಕ್ಕೆ ಸಾವಿರಾರು ರೂಪಾಯಿ.

ಕೆಲಸವಿಲ್ಲದೆ ತಿಂಗಳುಗಟ್ಟಲೆ ಕಾದವರಿಗೆ ಈ ಸೇವೆಗಳ ಜಾಹೀರಾತು ಕೈಹಿಡಿದು ಕರೆದಂತೆ ಕಾಣುವುದು ಸಹಜ. ಅದಕ್ಕಾಗಿಯೇ ಆಯ್ಕೆಯಲ್ಲಿ ಎಚ್ಚರ ಬೇಕು. ಯಾವುದೇ ಸೇವೆಯ ಮುಂದೆ ಮೊದಲು ಇಡಬೇಕಾದ ಪ್ರಶ್ನೆ ಒಂದೇ: ಇವರಿಗೆ ದುಡ್ಡು ಕೊಡುತ್ತಿರುವವರು ಯಾರು? ಉಪ್ಪು ಕೊಟ್ಟವರ ಕೆಲಸವನ್ನೇ ಸೇವೆ ಮಾಡುತ್ತದೆ. ಕಂಪನಿ ದುಡ್ಡು ಕೊಟ್ಟಿದ್ದರೆ ಸರಿಯಾದ ಅಭ್ಯರ್ಥಿ ಸಿಗುವವರೆಗೆ ಅದು ಹುಡುಕುತ್ತದೆ. ಅಭ್ಯರ್ಥಿಯೇ ಮುಂಗಡ ಕೊಟ್ಟಿದ್ದರೆ ಹಣ ಬಂದ ದಿನವೇ ಅದರ ಗಳಿಕೆ ಮುಗಿದಿರುತ್ತದೆ.

ಉದ್ಯೋಗ ವಿನಿಮಯ ಕೇಂದ್ರದಿಂದ ಪೋರ್ಟಲ್‌ವರೆಗೆ

ಅಭ್ಯರ್ಥಿ ಮತ್ತು ಉದ್ಯೋಗದಾತರ ನಡುವೆ ಮೂರನೆಯವರು ನಿಲ್ಲುವ ಪದ್ಧತಿ ಭಾರತದಲ್ಲಿ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ, ಅವರಿಗೆ ಬದುಕಿನ ದಾರಿ ತೋರಿಸಲು 1945ರಲ್ಲಿ ಸರ್ಕಾರ ಉದ್ಯೋಗ ವಿನಿಮಯ ವ್ಯವಸ್ಥೆಯನ್ನು ಕಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಎಲ್ಲ ನಿರುದ್ಯೋಗಿಗಳಿಗೂ ತೆರೆದುಕೊಂಡಿತು. ಖಾಲಿ ಹುದ್ದೆಗಳನ್ನು ಈ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯ್ದೆ 1959ರಲ್ಲಿ ಬಂತು. ಆದರೆ ಆ ಕಾಯ್ದೆ ಕೇಳಿದ್ದು ತಿಳಿಸುವುದನ್ನು ಮಾತ್ರ; ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಅದರಲ್ಲಿರಲಿಲ್ಲ. ಹೆಸರು ಮುಟ್ಟುವುದಕ್ಕೂ ಕೆಲಸ ಸಿಗುವುದಕ್ಕೂ ನಡುವೆ ಇರುವ ಈ ಅಂತರ ಇಂದಿನ ಎಲ್ಲ ಸೇವೆಗಳಲ್ಲೂ ಹಾಗೆಯೇ ಉಳಿದಿದೆ.

ಖಾಸಗಿ ಕೆಲಸಗಳಿಗೆ ದಶಕಗಳ ಕಾಲ ಪತ್ರಿಕೆಯ ಜಾಹೀರಾತೇ ಆಧಾರವಾಗಿತ್ತು. ಟೈಪ್ ಮಾಡಿಸಿದ ಬಯೋಡೇಟಾ, ಅಂಕಪಟ್ಟಿಯ ಜೆರಾಕ್ಸ್, ಲಕೋಟೆಯ ಮೇಲೆ ಬಾಕ್ಸ್ ನಂಬರ್ ಬರೆದು ಅಂಚೆಗೆ ಹಾಕುವುದು ಆಗಿನ ಕ್ರಮ. 1997ರಲ್ಲಿ ಸಂಜೀವ್ ಬಿಖ್‌ಚಂದಾನಿ ಅವರು ಪತ್ರಿಕೆಗಳಲ್ಲಿ ಬಂದ ಉದ್ಯೋಗ ಜಾಹೀರಾತುಗಳನ್ನು ಆರಿಸಿ ಅಂತರ್ಜಾಲಕ್ಕೆ ಹಾಕುವ ಮೂಲಕ ನೌಕ್ರಿ ಡಾಟ್ ಕಾಮ್ ಆರಂಭಿಸಿದರು. ಅಮೆರಿಕದ ಮಾನ್‌ಸ್ಟರ್ 2001ರಲ್ಲಿ ಭಾರತಕ್ಕೆ ಬಂತು. 2022ರಲ್ಲಿ ಇಲ್ಲಿ ಅದರ ಹೆಸರು ಫೌಂಡಿಟ್ ಎಂದು ಬದಲಾಯಿತು. 2003ರಲ್ಲಿ ಲಿಂಕ್ಡ್‌ಇನ್ ಸಾರ್ವಜನಿಕರಿಗೆ ತೆರೆದುಕೊಂಡಿತು. 2015ರ ಜುಲೈಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ರಾಷ್ಟ್ರೀಯ ವೃತ್ತಿ ಸೇವೆ, ಅಂದರೆ ಎನ್‌ಸಿಎಸ್ ಪೋರ್ಟಲ್ ಶುರುಮಾಡಿತು. 2019ರಲ್ಲಿ ಆರಂಭವಾದ ಅಪ್ನಾ ಆ್ಯಪ್ ಡೆಲಿವರಿ, ಟೆಲಿಕಾಲಿಂಗ್, ಅಂಗಡಿ ಮಾರಾಟದಂಥ ಕೆಲಸಗಳನ್ನು ಮೊಬೈಲ್‌ಗೇ ತಂದಿತು.

ನೇಮಕಾತಿದಾರರು ಎಂದರೆ ಯಾರು

‘ನೇಮಕಾತಿದಾರರು’ ಎಂಬ ಒಂದೇ ಪದದಡಿ ನಾಲ್ಕು ಬಗೆಯ ಜನ ಇದ್ದಾರೆ. ಮೊದಲನೆಯವರು ಕಂಪನಿಯ ಒಳಗಿನ ಎಚ್‌ಆರ್ ಸಿಬ್ಬಂದಿ. ಎರಡನೆಯವರು ಕಂಪನಿಗಳ ಪರವಾಗಿ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗಳು. ಮೂರನೆಯವರು ತಮ್ಮದೇ ವೇತನಪಟ್ಟಿಯಲ್ಲಿ ಜನರನ್ನು ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಕಳಿಸುವ ಸ್ಟಾಫಿಂಗ್ ಸಂಸ್ಥೆಗಳು. ನಾಲ್ಕನೆಯವರು ಉನ್ನತ ಹುದ್ದೆಗಳಿಗಷ್ಟೇ ಹುಡುಕಾಟ ನಡೆಸುವ ಹೆಡ್‌ಹಂಟರ್‌ಗಳು.

ಕನ್ಸಲ್ಟೆನ್ಸಿಯ ಲೆಕ್ಕಾಚಾರ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಭಾರತದಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ ದರ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ 8.33, ಅಂದರೆ ಸರಿಯಾಗಿ ಒಂದು ತಿಂಗಳ ಸಂಬಳ. ವರ್ಷಕ್ಕೆ 6 ಲಕ್ಷ ರೂಪಾಯಿಯ ಕೆಲಸಕ್ಕೆ ಒಬ್ಬರನ್ನು ಸೇರಿಸಿದರೆ ಕನ್ಸಲ್ಟೆನ್ಸಿಗೆ ಕಂಪನಿಯಿಂದ ಸುಮಾರು 50,000 ರೂಪಾಯಿ ಬರುತ್ತದೆ. ಸೇರಿದವರು ಕೆಲವೇ ವಾರಗಳಲ್ಲಿ ಬಿಟ್ಟುಹೋದರೆ ಬೇರೊಬ್ಬರನ್ನು ಹುಡುಕಿಕೊಡುವ ಹೊಣೆಯೂ ಸಾಮಾನ್ಯವಾಗಿ ಒಪ್ಪಂದದಲ್ಲಿ ಇರುತ್ತದೆ. ಹೀಗಾಗಿ ಒಳ್ಳೆಯ ಕನ್ಸಲ್ಟೆನ್ಸಿಗೆ ಅಭ್ಯರ್ಥಿಯ ಜೇಬಿಗೆ ಕೈಹಾಕುವ ಅಗತ್ಯವೇ ಬೀಳುವುದಿಲ್ಲ. ‘ರಿಜಿಸ್ಟ್ರೇಷನ್ ಫೀಸ್ 1,500 ಕಟ್ಟಿ, ಇಂಟರ್‌ವ್ಯೂ ಕಳಿಸ್ತೀವಿ’ ಎನ್ನುವ ಕಚೇರಿಯ ಆದಾಯದ ಮೂಲ ಕಂಪನಿಗಳೋ, ಸಾಲಿನಲ್ಲಿ ಕುಳಿತ ಹುಡುಗರೋ ಎಂದು ಅಲ್ಲೇ ಯೋಚಿಸಬೇಕು.

ಸೇವೆಗಳ ಬಗೆಗಳು

ಉಚಿತ ಪೋರ್ಟಲ್‌ಗಳು: ನೌಕ್ರಿ, ಫೌಂಡಿಟ್, ಇಂಡೀಡ್, ಶೈನ್, ಲಿಂಕ್ಡ್‌ಇನ್‌ಗಳಲ್ಲಿ ಖಾತೆ ತೆರೆದು ರೆಸ್ಯೂಮೆ ಹಾಕಲು ಹಣ ಬೇಕಿಲ್ಲ. ರೆಸ್ಯೂಮೆಗಳ ಸಂಗ್ರಹವನ್ನು ಜಾಲಾಡಲು ಕಂಪನಿಗಳೇ ಶುಲ್ಕ ಕಟ್ಟುತ್ತವೆ. ನೌಕ್ರಿಯ ಇಂಥ ಸಂಗ್ರಹದ ಹೆಸರು ರೆಸ್‌ಡೆಕ್ಸ್; ಬೆಂಗಳೂರಿನ ಯಾವುದೇ ಎಚ್‌ಆರ್ ಕಚೇರಿಯಲ್ಲಿ ದಿನವೂ ಕೇಳುವ ಹೆಸರು ಅದು.

ಪೋರ್ಟಲ್‌ಗಳ ಹಣದ ಸೇವೆಗಳು: ಹುಡುಕಾಟದಲ್ಲಿ ರೆಸ್ಯೂಮೆ ಮೇಲೆ ಕಾಣುವಂತೆ ಮಾಡುವುದು, ಅರ್ಜಿಗಳ ರಾಶಿಯಲ್ಲಿ ಆದ್ಯತೆ ಕೊಡುವುದು, ರೆಸ್ಯೂಮೆ ಬರೆದುಕೊಡುವುದು ಇವುಗಳಲ್ಲಿ ಮುಖ್ಯ. ನೌಕ್ರಿಯ ಫಾಸ್ಟ್‌ಫಾರ್ವರ್ಡ್, ಲಿಂಕ್ಡ್‌ಇನ್‌ನ ಪ್ರೀಮಿಯಂ ಈ ಬಗೆಯವು. ಇವು ಕಣ್ಣಿಗೆ ಬೀಳುವ ಅವಕಾಶವನ್ನು ಹೆಚ್ಚಿಸಬಲ್ಲವು. ಸಂದರ್ಶನವನ್ನಾಗಲಿ ಕೆಲಸವನ್ನಾಗಲಿ ಇವು ಖಾತರಿಪಡಿಸುವುದಿಲ್ಲ.

ಸಾಮೂಹಿಕ ರವಾನೆ: ಒಂದು ಮೊತ್ತ ಪಡೆದು ‘10,000 ಎಚ್‌ಆರ್‌ಗಳಿಗೆ’ ನಿಮ್ಮ ರೆಸ್ಯೂಮೆಯನ್ನು ಇಮೇಲ್ ಮಾಡುವ ಸೇವೆ ಇದು. ಅಮೆರಿಕದಲ್ಲಿ ಡಾಟ್ ಕಾಮ್ ಕಾಲದಿಂದಲೂ ಇಂಥ ವ್ಯವಹಾರವಿದೆ. ಎಚ್‌ಆರ್‌ಗಳ ಇಮೇಲ್ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ಮಾರುವುದೂ ಇದರದೇ ಅಗ್ಗದ ರೂಪ.

ಸರ್ಕಾರಿ ವೇದಿಕೆಗಳು: ಎನ್‌ಸಿಎಸ್ ಪೋರ್ಟಲ್, ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಸ್ಕಿಲ್ ಕನೆಕ್ಟ್ ಪೋರ್ಟಲ್ ಮತ್ತು ಜಿಲ್ಲಾ ಉದ್ಯೋಗ ಮೇಳಗಳು ಉಚಿತ. ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ, ಸಣ್ಣ ಊರುಗಳವರಿಗೆ ಇವು ಒಳ್ಳೆಯ ಆರಂಭ.

ಪರಿಚಯದ ದಾರಿ: ಕಂಪನಿಯೊಳಗಿನ ಗೆಳೆಯರು ಹೆಸರು ಸೂಚಿಸುವ ರೆಫರಲ್‌ಗೂ, ಕಂಪನಿಯ ಸ್ವಂತ ಜಾಲತಾಣದ ಉದ್ಯೋಗ ಪುಟಕ್ಕೂ ಯಾವ ಶುಲ್ಕವೂ ಇಲ್ಲ. ಅನೇಕ ಕಂಪನಿಗಳು ರೆಫರ್ ಮಾಡಿದ ನೌಕರರಿಗೆ ಬೋನಸ್ ಕೊಡುವುದರಿಂದ ನೆರವು ಕೇಳಲು ಸಂಕೋಚ ಪಡಬೇಕಾಗಿಯೂ ಇಲ್ಲ.

ನೇಮಕಾತಿದಾರರ ಪರದೆಯ ಮೇಲೆ

ಸೇವೆ ಯಾವುದೇ ಇರಲಿ, ರೆಸ್ಯೂಮೆ ಕೊನೆಗೆ ತಲುಪುವುದು ಒಂದು ಕಂಪ್ಯೂಟರ್ ಪರದೆಗೆ. ಅಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ.

ಬೆಂಗಳೂರಿನ ಕಂಪನಿಯೊಂದಕ್ಕೆ ಅಕೌಂಟೆಂಟ್ ಬೇಕಾಗಿದ್ದಾರೆ ಎಂದುಕೊಳ್ಳಿ. ಎಚ್‌ಆರ್ ಸಿಬ್ಬಂದಿ ರೆಸ್ಯೂಮೆ ಸಂಗ್ರಹ ತೆರೆದು ಖಾನೆಗಳನ್ನು ತುಂಬುತ್ತಾರೆ: ಬೇಕಾದ ಪದಗಳು ‘ಟ್ಯಾಲಿ’, ‘ಜಿಎಸ್‌ಟಿಆರ್-3ಬಿ’, ‘ಟಿಡಿಎಸ್’; ಅನುಭವ 2ರಿಂದ 4 ವರ್ಷ; ಊರು ಬೆಂಗಳೂರು, ಇಲ್ಲವೇ ಬರಲು ಸಿದ್ಧರಿರುವವರು; ನೋಟಿಸ್ ಪೀರಿಯಡ್ 30 ದಿನದೊಳಗೆ; ಕಳೆದ 30 ದಿನಗಳಲ್ಲಿ ಖಾತೆ ಬಳಸಿದವರು. ಗುಂಡಿ ಒತ್ತಿದರೆ ಪಟ್ಟಿ ಬರುತ್ತದೆ. ಮೊದಲ ಕೆಲವು ಪುಟಗಳಲ್ಲಿ ಸಾಕಷ್ಟು ಜನ ಸಿಕ್ಕರೆ ಮುಂದಿನ ಪುಟ ತೆರೆಯುವುದೇ ಇಲ್ಲ.

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಅಲ್ಲೇ ಆಡಿಟರ್ ಕಚೇರಿಯಲ್ಲಿ ಮೂರು ವರ್ಷ ದುಡಿದ ಯುವತಿಯೊಬ್ಬರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರಬಹುದು. ಆದರೆ ರೆಸ್ಯೂಮೆಯಲ್ಲಿ ‘ಅಕೌಂಟ್ಸ್ ವಿಭಾಗದ ಎಲ್ಲ ಕೆಲಸ’ ಎಂದಷ್ಟೇ ಬರೆದಿದ್ದರೆ ಅವರು ಆ ಪಟ್ಟಿಗೆ ಬರುವುದೇ ಇಲ್ಲ. ‘ಪ್ರತಿ ತಿಂಗಳು 25 ಅಂಗಡಿಗಳ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ, ಟ್ಯಾಲಿ ಪ್ರೈಮ್‌ನಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್, ಟಿಡಿಎಸ್ ರಿಟರ್ನ್’ ಎಂಬ ಒಂದೇ ಸಾಲು ಅವರನ್ನು ಮುಂದಕ್ಕೆ ತರುತ್ತದೆ. ವಾರಕ್ಕೊಮ್ಮೆ ಖಾತೆ ತೆರೆದು, ಬದಲಾವಣೆ ಇದ್ದರೆ ಸೇರಿಸುವುದೂ ಅಷ್ಟೇ ಮುಖ್ಯ. ಈ ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ದೊಡ್ಡ ಕಂಪನಿಗಳಲ್ಲಿ ಬಂದ ಅರ್ಜಿಗಳನ್ನು ಎಟಿಎಸ್ ಎಂಬ ತಂತ್ರಾಂಶ ಮೊದಲು ಓದಿ ಖಾನೆಗಳಿಗೆ ಹಂಚುತ್ತದೆ. ಬಣ್ಣಬಣ್ಣದ ಎರಡು ಕಾಲಂ ಟೆಂಪ್ಲೇಟ್, ಚಿತ್ರದೊಳಗಿನ ಅಕ್ಷರ, ನಕ್ಷತ್ರ ಹಾಕಿ ತೋರಿಸಿದ ಕೌಶಲ ಇವನ್ನೆಲ್ಲ ಅದು ತಪ್ಪಾಗಿ ಓದಬಹುದು. ಪುಟದ ಹೆಡರ್ ಭಾಗದಲ್ಲಿ ಇಟ್ಟ ಫೋನ್ ನಂಬರನ್ನು ಓದದೇ ಬಿಡುವ ತಂತ್ರಾಂಶಗಳೂ ಇವೆ. ಒಂದೇ ಕಾಲಂ, ಸರಳ ಅಕ್ಷರ, ವರ್ಡ್ ಕಡತ ಅಥವಾ ಅಕ್ಷರಗಳನ್ನು ಆಯ್ದು ನಕಲು ಮಾಡಲು ಬರುವ ಪಿಡಿಎಫ್ ಇದ್ದರೆ ಕ್ಷೇಮ. ಸೈಬರ್ ಸೆಂಟರ್‌ನಲ್ಲಿ ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿಸಿ ಕಳಿಸಿದರೆ ತಂತ್ರಾಂಶಕ್ಕೆ ಅದು ಬರೀ ಫೋಟೊ.

ಸಾಮೂಹಿಕ ರವಾನೆಯ ತೊಡಕುಗಳು

ಹೆಚ್ಚು ಜನರಿಗೆ ಹೋದರೆ ಯಾರಾದರೂ ಒಬ್ಬರು ಕರೆದಾರು ಎಂಬ ಲೆಕ್ಕ ಕೇಳಲು ಸರಿಯೆನಿಸುತ್ತದೆ. ನಡೆಯುವುದು ಬೇರೆ. ಒಂದೇ ಒಕ್ಕಣೆಯ ಸಾವಿರಾರು ಇಮೇಲ್ ಒಂದೇ ಕಡೆಯಿಂದ ಹೊರಟಾಗ ಇಮೇಲ್ ಕಂಪನಿಗಳು ಅದನ್ನು ಸ್ಪ್ಯಾಮ್ ಎಂದು ಗುರುತಿಸುತ್ತವೆ. 2024ರ ಫೆಬ್ರುವರಿಯಿಂದ ಗೂಗಲ್ ಕಂಪನಿ ದಿನಕ್ಕೆ 5,000ಕ್ಕಿಂತ ಹೆಚ್ಚು ಸಂದೇಶಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರ ಮೇಲೆ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿದೆ. ‘ಕಳಿಸಿದ್ದೇವೆ’ ಎಂಬ ರವಾನೆದಾರರ ವರದಿ ನಿಜವೇ ಇರಬಹುದು. ತೆರೆದು ಓದಿದವರು ಎಷ್ಟು ಮಂದಿ ಎಂಬುದಕ್ಕೆ ಆ ವರದಿಯಲ್ಲಿ ಉತ್ತರವಿಲ್ಲ.

ಎರಡನೆಯ ತೊಡಕು ಅಭ್ಯರ್ಥಿಗೆ ಗೊತ್ತೇ ಆಗುವುದಿಲ್ಲ. ಒಂದೇ ರೆಸ್ಯೂಮೆ ಎರಡು ಕನ್ಸಲ್ಟೆನ್ಸಿಗಳ ಮೂಲಕ ಒಂದೇ ಕಂಪನಿಗೆ ಹೋದರೆ ಎಟಿಎಸ್ ಅದನ್ನು ‘ಡೂಪ್ಲಿಕೇಟ್’ ಎಂದು ತೋರಿಸುತ್ತದೆ. ಶುಲ್ಕ ಯಾರಿಗೆ ಸಲ್ಲಬೇಕೆಂಬ ತಗಾದೆ ಬೇಡವೆಂದು ಕಂಪನಿ ಆ ಅಭ್ಯರ್ಥಿಯನ್ನೇ ಕೈಬಿಡುವುದುಂಟು. ಅದಕ್ಕಾಗಿಯೇ ಒಳ್ಳೆಯ ನೇಮಕಾತಿದಾರರು, ಮುಖ್ಯವಾಗಿ ಐಟಿ ಕ್ಷೇತ್ರದಲ್ಲಿ, ‘ಈ ಕಂಪನಿಗೆ ನಿಮ್ಮ ಹೆಸರನ್ನು ನಾವು ಕಳಿಸಬಹುದೇ’ ಎಂದು ಇಮೇಲ್‌ನಲ್ಲಿ ಒಪ್ಪಿಗೆ ಕೇಳುತ್ತಾರೆ. ಯಾರ ಮೂಲಕ, ಯಾವ ಕಂಪನಿಗೆ, ಯಾವ ದಿನ ರೆಸ್ಯೂಮೆ ಹೋಯಿತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು ಜಾಣತನ.

ಈಗಾಗಲೇ ಕೆಲಸದಲ್ಲಿರುವವರಿಗೆ ಮೂರನೆಯ ಅಪಾಯವೂ ಇದೆ: ರವಾನೆ ಪಟ್ಟಿಯಲ್ಲಿ ಅವರದೇ ಕಂಪನಿಯ ಎಚ್‌ಆರ್ ಇರಬಹುದು. ನೌಕ್ರಿಯಲ್ಲಿ ನಿರ್ದಿಷ್ಟ ಕಂಪನಿಗಳಿಗೆ ರೆಸ್ಯೂಮೆ ಕಾಣದಂತೆ ತಡೆಯುವ ಸೌಲಭ್ಯವಿದೆ. ಲಿಂಕ್ಡ್‌ಇನ್‌ನಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಎಂಬುದು ನೇಮಕಾತಿದಾರರಿಗೆ ಮಾತ್ರ ಕಾಣುವಂತೆ ಮಾಡಬಹುದಾದರೂ, ಪೂರ್ಣ ಗೋಪ್ಯತೆಯ ಭರವಸೆಯನ್ನು ಆ ಕಂಪನಿಯೇ ಕೊಡುವುದಿಲ್ಲ.

ಶುಲ್ಕ ಯಾರು ಕೊಡಬೇಕು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಖಾಸಗಿ ಉದ್ಯೋಗ ಸಂಸ್ಥೆಗಳ ಕುರಿತಾದದ್ದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾರ್ಮಿಕರಿಂದ ನೇರವಾಗಿಯಾಗಲಿ ಬಳಸು ದಾರಿಯಿಂದಾಗಲಿ ಶುಲ್ಕ ಪಡೆಯಬಾರದು ಎಂಬುದು ಅದರ ತತ್ವ. ಭಾರತ ಈ ಒಡಂಬಡಿಕೆಗೆ ಇನ್ನೂ ಸೇರಿಲ್ಲ. ಬ್ರಿಟನ್‌ನಲ್ಲಿ 1973ರ ಕಾಯ್ದೆಯ ಪ್ರಕಾರ, ಮನರಂಜನೆ, ಮಾಡೆಲಿಂಗ್‌ನಂಥ ಕೆಲವು ಕ್ಷೇತ್ರಗಳನ್ನು ಬಿಟ್ಟು, ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯುವುದು ಅಪರಾಧ.

ನಮ್ಮಲ್ಲಿ ಹಣ ಕೇಳುವವರ ಮಾತಿಗೆ ಹಲವು ವೇಷಗಳು: ಟ್ರೈನಿಂಗ್ ಫೀಸ್, ದಾಖಲೆ ಪರಿಶೀಲನೆ, ಲ್ಯಾಪ್‌ಟಾಪ್ ಠೇವಣಿ, ‘ಬ್ಯಾಕ್‌ಡೋರ್’ ಕೆಲಸ. ಹಿಂಬಾಗಿಲ ಕೆಲಸದ ಮಾತಿಗೆ ಲಕ್ಷಗಟ್ಟಲೆ ಸುರಿದ ಫ್ರೆಶರ್‌ಗಳ ಹಿಂದೆ ಒಡವೆ ಅಡವಿಟ್ಟ ತಾಯಂದಿರಿದ್ದಾರೆ. ಆಫರ್ ಲೆಟರ್‌ಗೆ ಮೊದಲು ಹಣ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ರೆಸ್ಯೂಮೆ ಬರೆದುಕೊಡುವುದಕ್ಕೆ, ಸಂದರ್ಶನದ ಅಭ್ಯಾಸ ಮಾಡಿಸುವುದಕ್ಕೆ ಹಣ ಪಡೆಯುವುದು ಬೇರೆ ಮಾತು. ಅದು ಕೈಗೆ ಸಿಗುವ ಕೆಲಸ. ಏನು ಸಿಕ್ಕಿತು ಎಂದು ನೋಡಿ ಬೆಲೆ ಕಟ್ಟಬಹುದು.

ಖಾಸಗಿ ಮಾಹಿತಿಯ ಪ್ರಶ್ನೆ

ರೆಸ್ಯೂಮೆ ಎಂದರೆ ಹೆಸರು, ಫೋನ್, ವಿಳಾಸ, ಹಳೆಯ ಕಂಪನಿ, ಸಂಬಳ ಎಲ್ಲವೂ ಇರುವ ಹಾಳೆ. ಅದು ತಪ್ಪು ಕೈಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2007ರ ಮಾನ್‌ಸ್ಟರ್ ಪ್ರಕರಣ ಸಾಕ್ಷಿ. ದುಷ್ಕರ್ಮಿಗಳು ನೇಮಕಾತಿದಾರರ ಲಾಗಿನ್ ವಿವರಗಳನ್ನು ಕದ್ದು, ಅವರ ಹೆಸರಿನಲ್ಲೇ ಒಳಹೊಕ್ಕು, ಸುಮಾರು 13 ಲಕ್ಷ ಅಭ್ಯರ್ಥಿಗಳ ವಿವರಗಳನ್ನು ದೋಚಿದರು. ಆಮೇಲೆ ಆ ವಿವರಗಳನ್ನೇ ಬಳಸಿ ನಂಬಿಕೆ ಹುಟ್ಟಿಸುವ ಮೋಸದ ಇಮೇಲ್‌ಗಳನ್ನು ಕಳಿಸಿದರು. ದೊಡ್ಡ ಪೋರ್ಟಲ್‌ಗೇ ಹೀಗಾದರೆ, ಎಕ್ಸೆಲ್ ಹಾಳೆ ಹಿಡಿದು ಕೂತ ರವಾನೆದಾರರ ಬಳಿ ಎಷ್ಟು ಭದ್ರತೆ ಇದ್ದೀತು?

ನಮ್ಮ ಊರಿನ ಬಯೋಡೇಟಾ ಪದ್ಧತಿಯಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ಧರ್ಮ, ಪೂರ್ಣ ವಿಳಾಸ, ಕೆಲವೊಮ್ಮೆ ಪಾಸ್‌ಪೋರ್ಟ್ ಸಂಖ್ಯೆಯೂ ಸೇರಿರುತ್ತದೆ. ಖಾಸಗಿ ಕೆಲಸದ ರೆಸ್ಯೂಮೆಗೆ ಇವು ಬೇಕಿಲ್ಲ. ಊರು, ಫೋನ್, ಇಮೇಲ್ ಸಾಕು. ಆಧಾರ್, ಪ್ಯಾನ್, ಬ್ಯಾಂಕ್ ವಿವರಗಳನ್ನು ಕೆಲಸಕ್ಕೆ ಸೇರುವ ಹಂತದಲ್ಲಿ, ಕಂಪನಿಯ ಅಧಿಕೃತ ವ್ಯವಸ್ಥೆಯಲ್ಲಿ ಮಾತ್ರ ಕೊಡಬೇಕು. ಉದ್ಯೋಗ ಹುಡುಕಾಟಕ್ಕೆಂದೇ ಪ್ರತ್ಯೇಕ ಇಮೇಲ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಬಳಸುವ ಮುನ್ನ ಸ್ಪಷ್ಟ ಒಪ್ಪಿಗೆ ಪಡೆಯಬೇಕೆಂದೂ, ಅಳಿಸಿಹಾಕಿ ಎಂದು ಕೇಳುವ ಹಕ್ಕು ವ್ಯಕ್ತಿಗೆ ಇದೆಯೆಂದೂ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಬೇಕಾಗಿವೆ.

ವಿದೇಶದ ಕೆಲಸವಾದರೆ

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಈ ಭಾಗ ಮುಖ್ಯ. 1983ರ ವಲಸೆ ಕಾಯ್ದೆಯಂತೆ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದ ಅಡಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇಮೈಗ್ರೇಟ್ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ನೋಡಲು ಸಿಗುತ್ತದೆ. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡುವುದು ಕಡ್ಡಾಯ. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ’ ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಎಂದು ಕರೆಸಿಕೊಂಡು, ಐಟಿ ಬಲ್ಲ ಭಾರತೀಯ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸಿ ಒತ್ತೆಯಾಳುಗಳಂತೆ ಇರಿಸಿಕೊಂಡ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಅಂಥ ಪ್ರಕರಣಗಳಲ್ಲಿ ಬೀಸಿದ್ದ ಗಾಳ ಸಾಮಾಜಿಕ ಜಾಲತಾಣಗಳ ಉದ್ಯೋಗ ಜಾಹೀರಾತು ಮತ್ತು ಏಜೆಂಟರ ಸವಿಮಾತು.

ಸೇವೆ ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಹಣ ಕೊಡುವವರು ಯಾರು: ಕಂಪನಿಯೋ, ನಾನೋ?

2. ರೆಸ್ಯೂಮೆ ಯಾರಿಗೆ ಹೋಗುತ್ತದೆ? ನನ್ನ ಕ್ಷೇತ್ರದ, ನನ್ನ ಊರಿನ ನೇಮಕಾತಿದಾರರ ಪಟ್ಟಿ ತೋರಿಸುತ್ತಾರೆಯೇ?

3. ಪ್ರತಿ ಬಾರಿ ಕಳಿಸುವ ಮುನ್ನ ನನ್ನ ಒಪ್ಪಿಗೆ ಕೇಳುತ್ತಾರೆಯೇ?

4. ಈಗಿನ ಕಂಪನಿಗೆ ಹೋಗದಂತೆ ತಡೆಯಬಹುದೇ?

5. ಸೇವೆ ಬೇಡವಾದಾಗ ನನ್ನ ಮಾಹಿತಿಯನ್ನು ಅಳಿಸುತ್ತಾರೆಯೇ? ಹಣ ಮರಳಿಸುವ ನಿಯಮ ಬರಹದಲ್ಲಿದೆಯೇ?

6. ಕಚೇರಿ ವಿಳಾಸ, ಜಿಎಸ್‌ಟಿ ಸಂಖ್ಯೆ, ಕಂಪನಿ ಹೆಸರಿನ ಇಮೇಲ್ ಇದೆಯೇ, ಅಥವಾ ಬರೀ ವಾಟ್ಸ್‌ಆ್ಯಪ್ ನಂಬರೇ?

7. ಕೆಲಸದ ಖಾತರಿ ಕೊಡುತ್ತಾರೆಯೇ? ಕೊಟ್ಟರೆ ಅದೇ ಅಪಾಯದ ಸೂಚನೆ. ನೇಮಕದ ತೀರ್ಮಾನ ಕಂಪನಿಯದು. ನಡುವಿನವರು ಅದನ್ನು ಮಾರಲಾರರು.

ಪೋರ್ಟಲ್‌ನ ಹಣದ ಸೇವೆ ಬೇಕೆನಿಸಿದರೆ ಮೊದಲು ಒಂದು ತಿಂಗಳು ಉಚಿತ ಖಾತೆಯನ್ನೇ ಚೆನ್ನಾಗಿ ಬಳಸಿ ನೋಡಬೇಕು. ಎಷ್ಟು ಹುಡುಕಾಟಗಳಲ್ಲಿ ನಿಮ್ಮ ಹೆಸರು ಬಂತು, ಎಷ್ಟು ನೇಮಕಾತಿದಾರರು ತೆರೆದು ನೋಡಿದರು ಎಂಬ ಲೆಕ್ಕವನ್ನು ನೌಕ್ರಿಯಂಥ ಪೋರ್ಟಲ್ ತೋರಿಸುತ್ತದೆ. ಹುಡುಕಾಟದಲ್ಲೇ ಬಾರದಿದ್ದರೆ ರೆಸ್ಯೂಮೆಯ ಪದಗಳನ್ನು ತಿದ್ದಬೇಕು. ತೆರೆದು ನೋಡಿಯೂ ಕರೆಯದಿದ್ದರೆ ಅನುಭವ, ಸಂಬಳದ ನಿರೀಕ್ಷೆ, ನೋಟಿಸ್ ಪೀರಿಯಡ್‌ಗಳಲ್ಲಿ ಎಲ್ಲಿ ಹೊಂದುತ್ತಿಲ್ಲ ಎಂದು ನೋಡಬೇಕು. ಈ ಎರಡು ಬಗೆಯ ಕೊರತೆಯನ್ನೂ ಹಣ ಕೊಟ್ಟು ಮುಚ್ಚಲಾಗದು.

ಮೋಸವಾದರೆ ಎಲ್ಲಿಗೆ

ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರದಂತೆ ತಡೆಹಿಡಿಯುವ ಅವಕಾಶ ಹೆಚ್ಚು. ಹೇಳಿದ ಸೇವೆ ಕೊಡದ ಸಂಸ್ಥೆಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ, ಯುಪಿಐ ವಿವರಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಬೇಕು. ಮೋಸಹೋದೆನೆಂಬ ನಾಚಿಕೆಯಿಂದ ಸುಮ್ಮನಿದ್ದರೆ ಅದೇ ಕಚೇರಿ ನಾಳೆ ಇನ್ನೊಬ್ಬರ ಮನೆಯ ದುಡ್ಡಿಗೆ ಕೈಚಾಚುತ್ತದೆ.

ಕೊನೆಯ ಮಾತು

ದಾವಣಗೆರೆಯ ಆ ಅಕೌಂಟೆಂಟ್‌ಗೆ ಬೇಕಾಗಿರುವುದು ಹತ್ತು ಸಾವಿರ ಇಮೇಲ್‌ಗಳಲ್ಲ. ಎರಡು ಪೋರ್ಟಲ್‌ಗಳಲ್ಲಿ ಸರಿಯಾಗಿ ತುಂಬಿದ ಖಾತೆ, ಎನ್‌ಸಿಎಸ್ ನೋಂದಣಿ, ತಮ್ಮ ಕ್ಷೇತ್ರದ ಎರಡು ಮೂರು ನಂಬಿಗಸ್ತ ಕನ್ಸಲ್ಟೆನ್ಸಿಗಳು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಕಾಲೇಜು ಗೆಳತಿಯರಿಗೆ ಒಂದೊಂದು ಫೋನ್. ಇಷ್ಟಕ್ಕೆ ಹಣ ಬೇಡ, ಒಂದು ವಾರದ ಶ್ರದ್ಧೆ ಸಾಕು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕೆಲಸ ಹುಡುಕುತ್ತಿರುವವರು ಇದ್ದರೆ, ದುಡ್ಡು ಕಟ್ಟುವ ಮುನ್ನ ಅವರ ರೆಸ್ಯೂಮೆಯ ಮುಂದೆ ಅರ್ಧ ಗಂಟೆ ಜೊತೆಗೆ ಕುಳಿತುಕೊಳ್ಳಿ.